ಹಳೆಯ ಸಂತಚರಿತ್ರೆಗಳ ಎರಡು ಮಾಲಿಕೆಗಳು: ವರ್ಷಗಟ್ಟಲೆ ಮನೆಯಲ್ಲಿ ಓದಿದ ಮೇಲೆ

ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ ಕಥೋಲಿಕ ಮಕ್ಕಳಿಗೆಂದು ಬರೆದ ಸಂತಚರಿತ್ರೆಗಳ ಪೈಕಿ ಎರಡು ಮಾಲಿಕೆಗಳು ಮರುಮುದ್ರಣಗಳ ಮೂಲಕ ನಮ್ಮ ಕಾಲಕ್ಕೂ ಉಳಿದು ಬಂದಿವೆ. ಒಂದು, ಮೇರಿ ಫೇಬಿಯನ್ ವಿಂಡಿಯಾಟ್ ಎಂಬ ಲೇಖಕಿ 1940ರ ದಶಕದಿಂದ ಬರೆಯುತ್ತ ಹೋದದ್ದು. ಇದನ್ನು ಮುಂದೆ ಟ್ಯಾನ್ ಸಂಸ್ಥೆ ಮರುಮುದ್ರಿಸಿತು. ಇನ್ನೊಂದು, ನ್ಯೂಯಾರ್ಕಿನ ಫಾರಾರ್, ಸ್ಟ್ರಾಸ್ ಅಂಡ್ ಕಡಹಿ ಪ್ರಕಾಶನವು 1955ರಲ್ಲಿ ಆರಂಭಿಸಿದ, ಬೇರೆ ಬೇರೆ ಲೇಖಕರಿಂದ ಬರೆಸಿದ ‘ವಿಷನ್ ಬುಕ್ಸ್’. ಇದರ ಹಲವು ಪುಸ್ತಕಗಳನ್ನು ಇಗ್ನೇಷಿಯಸ್ ಪ್ರೆಸ್ ಮತ್ತೆ ಹೊರತಂದಿದೆ. ಮಗಳು ಚರ್ಚಿನ ಪೂಜೆಯಲ್ಲಿ ಮೊದಲ ಬಾರಿಗೆ ಪ್ರಸಾದ ಸ್ವೀಕರಿಸಿದ ಪ್ರಥಮ ಪರಮಪ್ರಸಾದದ ವರ್ಷದಿಂದ, ಮಗನ ವಿಶ್ವಾಸವನ್ನು ಗಟ್ಟಿಗೊಳಿಸುವ ದೃಢೀಕರಣ ಸಂಸ್ಕಾರದವರೆಗೆ ನಮ್ಮ ಮನೆಯಲ್ಲಿ ಈ ಎರಡೂ ಮಾಲಿಕೆಗಳ ಪುಸ್ತಕಗಳು ಓಡಾಡಿವೆ. ಬೆಂಗಳೂರಿನಂಥ ಊರಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುವ, ಮನೆಯಲ್ಲಿ ಕನ್ನಡದಲ್ಲಿ ಜಪಸರ ಹೇಳುವ ಮಕ್ಕಳ ತಂದೆತಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಇವುಗಳ ದೊಡ್ಡ ಗುಣವೆಂದರೆ ಇವು ಕಾದಂಬರಿಗಳಂತೆ ಓದಿಸಿಕೊಳ್ಳುತ್ತವೆ. ಧರ್ಮೋಪದೇಶದ ತರಗತಿಗಳಲ್ಲಿ ಹಂಚುವ ತೆಳುಪುಸ್ತಿಕೆಗಳಲ್ಲಿ ಸಂತನು ಹುಟ್ಟುವಾಗಲೇ ಸಂತನಾಗಿರುತ್ತಾನೆ. ಅವನ ಗುಣಗಳ ಪಟ್ಟಿ ಮುಗಿದರೆ ಕಥೆಯೂ ಮುಗಿಯುತ್ತದೆ. ಇಲ್ಲಿ ಹಾಗಲ್ಲ. ಫ್ರಾನ್ಸಿನ ಆರ್ಸ್ ಗ್ರಾಮದ ಗುರು ಜಾನ್ ವಿಯಾನಿಯ ಬಗ್ಗೆ ಎರಡೂ ಮಾಲಿಕೆಗಳಲ್ಲಿ ಪುಸ್ತಕವಿದೆ. ಲ್ಯಾಟಿನ್ ತಲೆಗೆ ಹತ್ತದೆ ಒದ್ದಾಡಿದವನು, ನೆಪೋಲಿಯನ್ನನ ಸೈನ್ಯದಿಂದ ತಪ್ಪಿಸಿಕೊಂಡು ಹಳ್ಳಿಯೊಂದರಲ್ಲಿ ಅಡಗಿದ್ದವನು, 1818ರಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಪುಟ್ಟ ಧರ್ಮಕೇಂದ್ರಕ್ಕೆ ಬಂದವನು, ಕೊನೆಗೆ ದಿನದ ಬಹುಪಾಲು ಹೊತ್ತನ್ನು ಪಾಪನಿವೇದನೆಯ ಪೀಠದಲ್ಲೇ ಕಳೆಯುವಷ್ಟು ಜನರನ್ನು ಸೆಳೆದನೆಂಬುದು ಸ್ವತಃ ಒಳ್ಳೆಯ ಕಥೆ. ಪರೀಕ್ಷೆಯಲ್ಲಿ ಹಿಂದುಳಿದಿದ್ದ ನನ್ನ ಮಗ ಈ ಒಂದು ಪುಸ್ತಕವನ್ನು ಯಾರ ಒತ್ತಾಯವೂ ಇಲ್ಲದೆ ಮತ್ತೆ ಮತ್ತೆ ಓದಿದನು. ಸಂಭಾಷಣೆಗಳನ್ನು ಬಹುಮಟ್ಟಿಗೆ ಲೇಖಕರೇ ಕಲ್ಪಿಸಿದ್ದಾರೆ ಎಂಬುದನ್ನು ಮಾತ್ರ ಮಕ್ಕಳಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಇಲ್ಲವಾದರೆ ಧರ್ಮೋಪದೇಶದ ತರಗತಿಯಲ್ಲಿ ಅವನ್ನು ಸಂತರ ಸ್ವಂತ ಮಾತೆಂದು ಒಪ್ಪಿಸಿ ಬರುತ್ತಾರೆ.

ವಿಂಡಿಯಾಟ್ ಅವರ ಪುಸ್ತಕಗಳನ್ನು ಬಿಡಿಬಿಡಿಯಾಗಿ ಓದುವುದಕ್ಕಿಂತ ಗುಂಪಾಗಿ ಓದುವುದು ಲಾಭಕರವೆಂಬುದು ನನ್ನ ಅನುಭವ. ಅವರು ಬರೆದ ಸಂತರಲ್ಲಿ ನಾಲ್ವರು ಪೆರು ದೇಶದ ಲಿಮಾ ನಗರಕ್ಕೆ ಸೇರಿದವರು: ರೋಸ್, ಮಾರ್ಟಿನ್ ದೆ ಪೊರೆಸ್, ಜಾನ್ ಮಾಸಿಯಾಸ್ ಮತ್ತು ಫ್ರಾನ್ಸಿಸ್ ಸೊಲಾನೊ. ನಾಲ್ವರೂ ಹದಿನಾರು ಹದಿನೇಳನೆಯ ಶತಮಾನದ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬದುಕಿದವರು. ಒಂದರ ಹಿಂದೊಂದು ಓದಿದರೆ ಆ ನಗರ, ಅದರ ಮಠಗಳು ಮತ್ತು ಬಡವರು ಮಕ್ಕಳಿಗೆ ಪರಿಚಿತವಾಗತೊಡಗುತ್ತಾರೆ. ಸಂತತನವೆಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಒದಗುತ್ತದೆ ಎಂಬುದು ಉಪದೇಶದ ಹಂಗಿಲ್ಲದೆ ತಿಳಿಯುತ್ತದೆ. ಇವರಲ್ಲಿ ಮಾರ್ಟಿನ್ ನಮ್ಮ ಮನೆಗೆ ಅತ್ಯಂತ ಹತ್ತಿರದವನಾದನು. ಸ್ಪೇನಿನ ಸಿರಿವಂತ ತಂದೆಗೂ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ತಾಯಿಗೂ ಹುಟ್ಟಿ, ಕ್ಷೌರ ಮತ್ತು ಗಾಯಗಳ ಚಿಕಿತ್ಸೆ ಎರಡನ್ನೂ ಕಲಿತು, ಮೈಬಣ್ಣದ ಕಾರಣಕ್ಕೆ ಮಠದಲ್ಲಿ ಕೆಳಗಿನ ಸ್ಥಾನದಲ್ಲೇ ಇರಬೇಕಾಗಿ ಬಂದವನ ಕಥೆಯನ್ನು ಭಾರತದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾತಿಯ ಬಗ್ಗೆ ನಾವು ಮನೆಯಲ್ಲಿ ನಡೆಸಿದ ಮೊದಲ ನೇರವಾದ ಮಾತುಕತೆ ಈ ಪುಸ್ತಕದಿಂದಲೇ ಆರಂಭವಾಯಿತು.

ಹಳೆಯ ಪ್ರತಿಗಳನ್ನು ಕೊಳ್ಳುವವರಿಗೆ ಇನ್ನೊಂದು ಕುತೂಹಲಕರ ಸಂಗತಿಯಿದೆ. ಇವುಗಳಲ್ಲಿ ಬರುವ ಹಲವರು ಪುಸ್ತಕ ಅಚ್ಚಾದಾಗ ಇನ್ನೂ ಸಂತರೆಂದು ಘೋಷಿತರಾಗಿರಲಿಲ್ಲ. ಮಾರ್ಟಿನನಿಗೆ 1962ರಲ್ಲಿ, ಮಾಸಿಯಾಸನಿಗೆ ಮತ್ತು ಅಮೆರಿಕದ ಸನ್ಯಾಸಿನಿ ಎಲಿಜಬೆತ್ ಸೀಟನ್‌ಗೆ 1975ರಲ್ಲಿ, ಹವಾಯಿಯ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನಡುವೆ ಬದುಕಿ 1889ರಲ್ಲಿ ಅದೇ ರೋಗದಿಂದ ತೀರಿಕೊಂಡ ಫಾದರ್ ಡೇಮಿಯನ್‌ಗೆ 2009ರಲ್ಲಿ, ಮರಿಯ ಮಾತೆಯ ದರ್ಶನ ಪಡೆದರೆನ್ನಲಾದ ಪೋರ್ಚುಗಲ್ಲಿನ ಫಾತಿಮಾದ ಪುಟ್ಟ ಜಸಿಂತಾ ಮತ್ತು ಫ್ರಾನ್ಸಿಸ್ಕೊ ಇಬ್ಬರಿಗೆ 2017ರಲ್ಲಿ ಆ ಪದವಿ ದೊರೆಯಿತು. ಆದ್ದರಿಂದ ವಿಷನ್ ಬುಕ್ಸ್‌ನ ಶೀರ್ಷಿಕೆಯಲ್ಲಿ ಡೇಮಿಯನ್ ಕೇವಲ ‘ಫಾದರ್’, ಸೀಟನ್ ಕೇವಲ ‘ಮದರ್’. ಲೇಖಕರು ಇವರನ್ನು ಪೀಠದ ಮೇಲಿನ ಮೂರ್ತಿಯಾಗಿ ನೋಡುವ ಮೊದಲೇ ಬರೆದದ್ದು ಕಥೆಗೆ ಒಳಿತನ್ನೇ ಮಾಡಿದೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ಕೊರತೆಗಳ ಮಾತು. ಇವು 1940 ಮತ್ತು 1950ರ ದಶಕಗಳ ಅಮೆರಿಕದ ಕಣ್ಣಿನಿಂದ ಲೋಕವನ್ನು ನೋಡಿ ಬರೆದ ಪುಸ್ತಕಗಳು. ಯೂರೋಪಿನಾಚೆಯ ಜನರ ವಿಷಯ ಬಂದಾಗ ಆ ದೃಷ್ಟಿ ಕುರುಡಾಗುತ್ತದೆ. ಐಸಾಕ್ ಜೋಗ್ಸ್ ಎಂಬ ಫ್ರೆಂಚ್ ಯೇಸುಸಭೆಯ (ಜೆಸ್ವಿಟ್) ಗುರುವಿನ ಕುರಿತ ವಿಷನ್ ಬುಕ್ಸ್‌ನ ಪುಸ್ತಕ ಇದಕ್ಕೆ ಸ್ಪಷ್ಟ ಉದಾಹರಣೆ. 1642ರಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳಾದ ಮೊಹಾಕ್ ಜನರ ಕೈಗೆ ಸಿಕ್ಕಿ, ಬೆರಳುಗಳನ್ನು ಕಳೆದುಕೊಂಡು, ತಪ್ಪಿಸಿಕೊಂಡು ಫ್ರಾನ್ಸಿಗೆ ಮರಳಿ, ಊನಗೊಂಡ ಕೈಗಳಿಂದಲೇ ಬಲಿಪೂಜೆ ಅರ್ಪಿಸಲು ಜಗದ್ಗುರುಗಳ (ಪೋಪರ) ಅನುಮತಿ ಪಡೆದು, ಮತ್ತೆ ಅದೇ ಜನರ ನಡುವೆ ಹೋಗಿ 1646ರಲ್ಲಿ ಹತನಾದವನು ಅವನು. ಧೈರ್ಯದ ಕಥೆಯಾಗಿ ಅದಕ್ಕೆ ಸಾಟಿಯಿಲ್ಲ. ಆದರೆ ಅವನು ಬಿಟ್ಟುಹೋಗಿದ್ದ ಪೆಟ್ಟಿಗೆಯೇ ರೋಗಕ್ಕೂ ಬೆಳೆನಾಶಕ್ಕೂ ಕಾರಣವೆಂದು ಆ ಜನರು ನಂಬಿದ್ದರು, ಬಿಳಿಯರ ಜೊತೆಗೆ ಬಂದ ರೋಗಗಳಿಂದ ಅವರ ಹಳ್ಳಿಗಳು ನಿಜವಾಗಿಯೂ ಬರಿದಾಗುತ್ತಿದ್ದವು ಎಂಬ ಇನ್ನೊಂದು ಮಗ್ಗುಲನ್ನು ಪೋಷಕರೇ ಸೇರಿಸಿ ಹೇಳಬೇಕಾಗುತ್ತದೆ. ಇದಕ್ಕೆ ಸುಲಭವಾದ ದಾರಿ ಅದೇ ಮಾಲಿಕೆಯಲ್ಲಿದೆ: ಮುಂದಿನ ಪುಸ್ತಕವಾಗಿ ಕಟೇರಿ ಟೆಕಕ್‌ವಿತಾಳ ಕಥೆಯನ್ನು ಕೊಡಬೇಕು. ಜೋಗ್ಸ್ ಸತ್ತ ಹತ್ತು ವರ್ಷಗಳ ನಂತರ ಅದೇ ಊರಿನಲ್ಲಿ ಹುಟ್ಟಿ, ನಾಲ್ಕನೆಯ ವಯಸ್ಸಿನಲ್ಲಿ ಸಿಡುಬಿನಿಂದ ತಂದೆತಾಯಿಗಳನ್ನು ಕಳೆದುಕೊಂಡ ಮೊಹಾಕ್ ಹುಡುಗಿ ಅವಳು. ಇವೆರಡನ್ನೂ ಒಟ್ಟಿಗೆ ಓದದೆ ಬಿಡಬಾರದು.

ಫ್ರಾನ್ಸಿಸ್ ಝೇವಿಯರರ ಪುಸ್ತಕ ನಮಗೆ ಇನ್ನೂ ಹತ್ತಿರದ್ದು, ಅಷ್ಟೇ ಇಕ್ಕಟ್ಟಿನದ್ದು. ಅಮೆರಿಕದ ಮೇರಿನೋಲ್ ಮಿಷನ್ ಸಂಘದ ಗುರುವೊಬ್ಬರು ಬರೆದ ಈ ಕಥೆಯಲ್ಲಿ, 1542ರಲ್ಲಿ ಸಂತರು ಬಂದಿಳಿದ ಗೋವೆ ದೂರದ ಮಿಷನ್ ಪ್ರದೇಶ. ನಮ್ಮ ಮಕ್ಕಳಿಗೋ ಅದು ರಜೆಯಲ್ಲಿ ರೈಲು ಹತ್ತಿ ಹೋಗಿ ಬರುವ ಊರು. ಗೋವೆಯ ಧರ್ಮವಿಚಾರಣೆಯ (ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹದ ಆರೋಪದ ಮೇಲೆ ಜನರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಮಂಡಳಿಯ) ಇತಿಹಾಸವನ್ನು ಕೇಳುವ ವಯಸ್ಸು ಮಕ್ಕಳಿಗೆ ಬಂದಾಗ ಅದಕ್ಕೆ ಬೇರೆ ಪುಸ್ತಕಗಳನ್ನೇ ಹುಡುಕಬೇಕು. ಹಾಗೆಯೇ ಗೋವೆಯ ಬಾಣಾವಲಿಯಲ್ಲಿ ಹುಟ್ಟಿ, 1681ರಿಂದ ಕೆಲವು ವರ್ಷ ಮಂಗಳೂರಿನ ಸೀಮೆಯಲ್ಲಿ ದುಡಿದು, ಮುಂದೆ ಸಿಲೋನಿನ ಕಥೋಲಿಕರಿಗಾಗಿ ಜೀವ ತೇದ ಜೋಸೆಫ್ ವಾಜರು ಈ ಮಾಲಿಕೆಗಳಲ್ಲಿಲ್ಲ. ಅವರ ಕಥೆಯನ್ನು ಮನೆಯ ಹಿರಿಯರೇ ಹೇಳಬೇಕು.

ವಯಸ್ಸಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಬೆರಳು ಕತ್ತರಿಸುವ ಪ್ರಸಂಗಗಳಿರುವ ಜೋಗ್ಸ್ ಕಥೆ ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಬೇಡ. ಲಿಮಾದ ರೋಸ್ ತನ್ನ ಚೆಲುವನ್ನು ಕೆಡಿಸಿಕೊಳ್ಳಲೆಂದು ಮುಖಕ್ಕೆ ಮೆಣಸು ತಿಕ್ಕಿಕೊಂಡವಳು, ಮುಳ್ಳುಗಳ ಕಿರೀಟ ಧರಿಸಿದವಳು. ಹದಿಹರೆಯದ ಹೆಣ್ಣುಮಕ್ಕಳ ಕೈಗೆ ಇಂಥ ಬದುಕನ್ನು ಮಾತುಕತೆಯಿಲ್ಲದೆ ಕೊಟ್ಟು ಸುಮ್ಮನಾಗುವುದು ಸರಿಯಲ್ಲ. ಪ್ರಥಮ ಪರಮಪ್ರಸಾದಕ್ಕೆ ಉಡುಗೊರೆಯೆಂದು ಹಲವರು ಆರಿಸುವ ಇಮೆಲ್ಡಾಳ ಕಥೆಯಲ್ಲಿ, 1333ರಲ್ಲಿ ಆ ಬಾಲೆ ಮೊದಲ ಬಾರಿಗೆ ಪರಮಪ್ರಸಾದ ಸ್ವೀಕರಿಸಿದೊಡನೆ ಸಂತೋಷದಲ್ಲೇ ಪ್ರಾಣ ಬಿಡುತ್ತಾಳೆ. ನನ್ನ ಮಗಳು ತನಗೂ ಹೀಗೇ ಆಗಬಹುದೇ ಎಂದು ಕೇಳಿ ನಮ್ಮನ್ನು ಕಂಗೆಡಿಸಿದ್ದಳು.

ಕೊಳ್ಳುವ ವಿಷಯಕ್ಕೆ ಬಂದರೆ, ಓದುವುದಕ್ಕೆ ಮರುಮುದ್ರಣದ ಪೇಪರ್‌ಬ್ಯಾಕ್ ಸಾಕು. ಕಪ್ಪುಬಿಳುಪಿನ ರೇಖಾಚಿತ್ರಗಳು ಅವುಗಳಲ್ಲೂ ಇವೆ. ಹಳೆಯ ರಟ್ಟಿನ ಪ್ರತಿಗಳು ಹೆಚ್ಚಾಗಿ ಮುಚ್ಚಿಹೋದ ಶಾಲೆಗಳ ಗ್ರಂಥಾಲಯಗಳಿಂದ ಬಂದವು. ಮೊಹರು, ಕಾರ್ಡ್ ಇಡುವ ಚೀಲ, ಹಳದಿಗಟ್ಟಿ ಮುರಿಯುವ ಹಾಳೆ ಇವೆಲ್ಲ ಸಹಜ. ಆನ್‌ಲೈನಿನ ಹಳೆ ಪುಸ್ತಕದ ವ್ಯಾಪಾರಿಯೊಬ್ಬರು ‘ಉತ್ತಮ ಸ್ಥಿತಿ’ ಎಂದು ಕಳಿಸಿದ ಪ್ರತಿಯಲ್ಲಿ ಕೊನೆಯ ಅಧ್ಯಾಯದ ಹಾಳೆಗಳೇ ಇರಲಿಲ್ಲ; ಒಳಪುಟಗಳ ಚಿತ್ರ ತರಿಸಿಕೊಳ್ಳದೆ ಹಣ ಕಟ್ಟಬೇಡಿ. ವಿದೇಶದಿಂದ ತರಿಸಿದರೆ ಅಂಚೆವೆಚ್ಚವೇ ಪುಸ್ತಕದ ಬೆಲೆಯನ್ನು ಮೀರಬಹುದಾದ್ದರಿಂದ, ಅಲ್ಲಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ನಾಲ್ಕಾರು ಪುಸ್ತಕಗಳಿಗೆ ಜಾಗ ಕೇಳುವುದೇ ಲೇಸು. ಎರಡೂ ಮಾಲಿಕೆಗಳಿಗೆ ಒಟ್ಟಾಗಿ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮೊದಲು ಕೊಳ್ಳಬೇಕಾದವು ವಿಯಾನಿ, ಮಾರ್ಟಿನ್ ಮತ್ತು ಡೇಮಿಯನ್. ಜೋಗ್ಸ್ ಮತ್ತು ಕಟೇರಿ ಎರಡು ವರ್ಷ ಕಾಯಲಿ.