ಸ್ಟ್ರಟ್ ಬದಲಿಸುವಾಗ: ಪೂರ್ತಿ ಅಸೆಂಬ್ಲಿಯೋ, ಬರೀ ಸ್ಟ್ರಟ್ಟೋ?

ಹೊಸ ಸ್ಟ್ರಟ್ (ಚಕ್ರದ ಬಳಿ ಸ್ಪ್ರಿಂಗ್ ಕೂರಿಸಿರುವ ಶಾಕ್ ಅಬ್ಸಾರ್ಬರ್) ಹಾಕಿದ ಮೇಲೆ ಕಾರಿನ ಮುಂಭಾಗ ಮೂಗೆತ್ತಿ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಸ್ಪ್ರಿಂಗನ್ನು. ಗಾಡಿಯ ಭಾರ ಹೊರುವುದು ಅದೇ. ಸ್ಟ್ರಟ್ ಒಳಗಿನ ಡ್ಯಾಂಪರ್ ಕುಲುಕಾಟವನ್ನು ಹಿಡಿದಿಡುತ್ತದೆ, ಅಷ್ಟೇ.

ಸ್ಪ್ರಿಂಗ್, ಮೇಲಿನ ಮೌಂಟ್ (ಸ್ಟ್ರಟ್ಟನ್ನು ಗಾಡಿಯ ಬಾಡಿಗೆ ಸೇರಿಸುವ ಭಾಗ) ಎಲ್ಲ ಜೋಡಿಸಿಯೇ ಬರುವ ಅಸೆಂಬ್ಲಿಯಲ್ಲಿ ಕೆಲಸ ಬೇಗ ಮುಗಿಯುತ್ತದೆ. ಆದರೆ ಹಲವು ತಯಾರಕರು ಒಂದೇ ಸ್ಪ್ರಿಂಗನ್ನು ಬೇರೆ ಬೇರೆ ಎಂಜಿನ್, ಬೇರೆ ಬೇರೆ ತೂಕದ ಮಾದರಿಗಳಿಗೆ ಹೊಂದಿಸಿಬಿಡುತ್ತಾರೆ. ಭಾರದ ಎಂಜಿನ್‌ಗೆ ಲೆಕ್ಕ ಹಾಕಿದ ಸ್ಪ್ರಿಂಗ್ ಹಗುರ ಗಾಡಿಗೆ ಬಿದ್ದರೆ ಎತ್ತರ ಏರದೆ ಇನ್ನೇನು?

ಬರೀ ಸ್ಟ್ರಟ್ ತಂದು ಹಳೆಯ ಸ್ಪ್ರಿಂಗನ್ನೇ ಕೂರಿಸಿದರೆ ಎತ್ತರ ಬಹುಮಟ್ಟಿಗೆ ಮೊದಲಿನಂತೆಯೇ ಉಳಿಯುತ್ತದೆ. ಸ್ಪ್ರಿಂಗ್ ಕೂರುವ ತಟ್ಟೆಯ ಎತ್ತರ ಮೂಲ ಸ್ಟ್ರಟ್‌ನಷ್ಟೇ ಇರಬೇಕು. ಸ್ಪ್ರಿಂಗ್‌ನ ತುದಿ ಆ ತಟ್ಟೆಯ ಗುಳಿಯಲ್ಲಿ ಸರಿಯಾಗಿ ಕೂರಬೇಕು. ಆದರೆ ಹಳೆಯ ಸ್ಪ್ರಿಂಗ್ ಬಿಚ್ಚಿ ಕೂರಿಸಲು ಅದನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಬೇಕು, ಅದು ಅಪಾಯದ ಸಾಧನ. ಅಭ್ಯಾಸವಿಲ್ಲದವರು ಅದರ ತಂಟೆಗೆ ಹೋಗಬೇಡಿ, ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ.

ನನ್ನ ಆಯ್ಕೆ: ಹಳೆಯ ಸ್ಪ್ರಿಂಗ್ ತುಕ್ಕು ಹಿಡಿಯದೆ, ಕುಸಿಯದೆ ಇದ್ದರೆ ಬರೀ ಸ್ಟ್ರಟ್. ಮುರಿದಿದ್ದರೆ ಅಸೆಂಬ್ಲಿ, ಅದೂ ನಿಮ್ಮ ಮಾದರಿಯ ಸ್ಪ್ರಿಂಗ್ ಎಂದು ಖಚಿತವಾದ ಮೇಲೆ. ಯಾವುದಾದರೂ ಎಡ-ಬಲ ಜೋಡಿಯಾಗಿಯೇ ಬದಲಿಸಿ.

ಬಿಚ್ಚುವ ಮೊದಲೇ ಚಕ್ರದ ನಡುವಿನಿಂದ ಫೆಂಡರ್ (ಚಕ್ರದ ಮೇಲಿನ ಬಾಡಿ ಭಾಗ) ಅಂಚಿನವರೆಗೆ ಅಳೆದು ಬರೆದಿಡಿ. ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ಬೋಲ್ಟ್ ಸಡಿಲಿಸಿದ್ದರೆ, ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರವೇ ಬಿಗಿಮಾಡಿ. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ ಆರ್ಮ್‌ನ ಕೀಲಿನಲ್ಲಿರುವ ರಬ್ಬರ್ ಬುಶ್ ತಿರುಚಿಕೊಂಡು ಎತ್ತರ ಕೆಡಿಸುತ್ತದೆ, ಬೈಗುಳ ಮಾತ್ರ ಹೊಸ ಸ್ಟ್ರಟ್‌ಗೆ. ಸ್ವಲ್ಪ ಓಡಿಸಿ, ಮತ್ತೆ ಅಳೆದು, ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ.