ಹಳೇ ಟ್ರ್ಯಾಕ್ಟರ್ ಲಿಂಕ್: ಬಾಲ್ ವೆಲ್ಡಿಂಗ್ ಮಾಡಿಸೋದಾ, ಇಡೀ ಲಿಂಕ್ ಬದಲಿಸೋದಾ?

ಹಿಂದೆ ಕಟ್ಟಿದ ರೋಟವೇಟರ್ ಅತ್ತಿತ್ತ ತೂಗಾಡುತ್ತಿದೆಯಾ? ಮೊದಲು ಲಿಂಕ್ ಅತ್ತಿತ್ತ ಹೋಗದಂತೆ ಹಿಡಿಯುವ ಪಕ್ಕದ ಚೈನ್ ಬಿಗಿ ಮಾಡಿ. ಆದರೂ ನಿಲ್ಲದಿದ್ದರೆ ಕೆಳಗಿನ ಲಿಂಕ್ (ಟ್ರ್ಯಾಕ್ಟರ್ ಹಿಂದೆ ಎಡ, ಬಲ ಇರುವ, ಉಪಕರಣ ಹೊರುವ ಕಬ್ಬಿಣದ ತೋಳು) ತುದಿಗೆ ಪಿನ್ ಹಾಕಿ ಅಲ್ಲಾಡಿಸಿ ನೋಡಿ. ಪಿನ್ನಷ್ಟೇ ಸವೆದಿದ್ದರೆ ಪಿನ್ ಬದಲಿಸಿ, ಮುಗೀತು. ಪಿನ್ ತೂರುವ ಬಾಲ್, ಅಂದರೆ ಲಿಂಕ್ ತುದಿಯ ತೂತಿರುವ ಗುಂಡು, ಒಳಗೇ ಗಡಗಡ ಅಂದರೆ ಎರಡು ದಾರಿ ಇವೆ.

ತುದಿ ಕತ್ತರಿಸಿ ಹೊಸ ಬಾಲ್ ಎಂಡ್ ವೆಲ್ಡಿಂಗ್ ಮಾಡಿಸಬಹುದು. ಖರ್ಚು ಕಮ್ಮಿ, ಆದರೆ ಎಲ್ಲವೂ ವೆಲ್ಡರ್ ಕೈಯಲ್ಲಿರುತ್ತದೆ. ಎರಡೂ ಅಂಚನ್ನು ಇಳಿಜಾರಾಗಿ ಗ್ರೈಂಡ್ ಮಾಡಿ, ಆ ಸಂದನ್ನು ಬುಡದಿಂದ ತುಂಬಿಸಿಕೊಂಡು ಬರಬೇಕು. ಸುಮ್ನೆ ಮೇಲೊಂದು ಗೆರೆ ಎಳೆದು ಕೊಟ್ಟರೆ ಬದುವಿಗೆ ತಾಗಿದ ದಿನ ಮುರಿದು ಬೀಳುತ್ತದೆ. ಎಡ, ಬಲ ಎರಡರ ಉದ್ದವೂ ಒಂದೇ ಇರಲಿ, ಇಲ್ಲದಿದ್ದರೆ ಕಲ್ಟಿವೇಟರ್ ಓರೆಯಾಗುತ್ತದೆ.

ಇಡೀ ಲಿಂಕ್ ಹೊಸದು ಹಾಕಿದರೆ ದುಡ್ಡು ಜಾಸ್ತಿ, ತಲೆನೋವು ಕಮ್ಮಿ. ಲಿಂಕ್ ಬಾಗಿದ್ದರೆ ಅಥವಾ ಮಧ್ಯದ ತೂತು ಮೊಟ್ಟೆ ಆಕಾರಕ್ಕೆ ಬಂದಿದ್ದರೆ ಬೇರೆ ಯೋಚನೆಯೇ ಬೇಡ. ಕೊಳ್ಳುವಾಗ ಅಳತೆ ನೋಡಿ, ಲಿಂಕ್ ಸೈಜಿಗೆ ಕೆಟಗರಿ ಅಂತಾರೆ: ಕೆಟಗರಿ 1ಕ್ಕೆ 22 ಮಿ.ಮೀ. ಪಿನ್, ಕೆಟಗರಿ 2ಕ್ಕೆ 28.

ನನ್ನನ್ನು ಕೇಳಿದರೆ, ಬರೀ ಕಲ್ಟಿವೇಟರ್ ಎಳೆಯುವ ಗಾಡಿಗೆ ಒಳ್ಳೇ ವೆಲ್ಡಿಂಗ್ ಸಾಕು. ರೋಟವೇಟರ್ ಹೊರುವ ಗಾಡಿಗೆ ಹೊಸದೇ ಹಾಕಿಸಿ. ಅಷ್ಟು ಭಾರ, ಅದರ ಮೇಲೆ ತಿರುಗುವ ಬ್ಲೇಡು, ಅಲ್ಲಿ ಉಳಿತಾಯ ನೋಡಬಾರದು.

ಎಂಜಿನ್ ನಿಲ್ಲಿಸಿದ ಮೇಲೆ ಲಿಂಕ್ ಎತ್ತುವ ಹೈಡ್ರಾಲಿಕ್ ಲಿಫ್ಟ್ ತಾನಾಗೇ ಇಳಿಯುತ್ತಿದ್ದರೆ ಅದು ಲಿಂಕ್ ತೊಂದರೆಯಲ್ಲ, ಒಳಗಿನ ಸೀಲ್ ಅಥವಾ ವಾಲ್ವ್ ನೋಡಿಸಿ. ಏನೇ ಬಿಚ್ಚುವ ಮುಂಚೆ ರೋಟವೇಟರ್ ನೆಲಕ್ಕಿಳಿಸಿ, ಬರೀ ಲಿಫ್ಟ್ ನಂಬಿ ಅದರಡಿಗೆ ಹೋಗಬೇಡಿ.