ಶಿಲ್ಕು ನೋಡುವುದು ಎಲ್ಲಿ: ಎಕ್ಸ್‌ಚೇಂಜ್ ಆ್ಯಪ್, ಟ್ರ್ಯಾಕರ್, ಸ್ವಂತ ವಾಲೆಟ್

ಪತ್ತಿನ ಸಹಕಾರ ಸಂಘವೊಂದರಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದವನು ನಾನು. ದಿನದ ಕೊನೆಗೆ ಪೆಟ್ಟಿಗೆಯ ನಗದನ್ನು ಎಣಿಸಿ, ಕಿರ್ದಿಯ ಶಿಲ್ಕಿನೊಂದಿಗೆ ತಾಳೆ ನೋಡದೆ ಬೀಗ ಹಾಕುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಸ್ವಲ್ಪ ಹಣವನ್ನು ಕ್ರಿಪ್ಟೊ ನಾಣ್ಯಗಳಲ್ಲಿ ತೊಡಗಿಸಿದಾಗಲೂ ಅದೇ ಅಭ್ಯಾಸ ಜೊತೆಗೆ ಬಂತು. ಒಂದೇ ಆಸ್ತಿಯನ್ನು ಆರು ತಿಂಗಳ ಕಾಲ ಮೂರು ಕಡೆ ನೋಡುತ್ತ ಬಂದೆ: ಭಾರತದ ಒಂದು ಎಕ್ಸ್‌ಚೇಂಜಿನ (ನಾಣ್ಯ ಕೊಂಡು ಮಾರುವ ಮಾರುಕಟ್ಟೆಯ) ಆ್ಯಪ್, ಬೇರೆ ಬೇರೆ ಖಾತೆಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಪೋರ್ಟ್‌ಫೋಲಿಯೊ ಟ್ರ್ಯಾಕರ್, ಮತ್ತು ನಾಣ್ಯ ಖರ್ಚು ಮಾಡಲು ಬೇಕಾದ ರಹಸ್ಯ ಕೀಲಿಯನ್ನು ನನ್ನ ಬಳಿಯೇ ಇಡುವ ಪುಟ್ಟ ಸಾಧನವಾದ ಹಾರ್ಡ್‌ವೇರ್ ವಾಲೆಟ್. ಮೊತ್ತ ದೊಡ್ಡದಲ್ಲ, ಪ್ರಯೋಗದ ಆರಂಭದಲ್ಲಿ 0.0125 ಬಿಟ್‌ಕಾಯಿನ್, 0.15 ಈಥರ್ ಮತ್ತು 200 ಯುಎಸ್‌ಡಿಟಿ (ಒಂದು ಡಾಲರಿಗೆ ಸಮವಾಗಿರುವಂತೆ ರೂಪಿಸಿದ ನಾಣ್ಯ) ಇತ್ತು. ಇಷ್ಟು ಚಿಕ್ಕ ಖಾತೆಯಲ್ಲಿಯೂ ಮೂರು ಪರದೆಗಳ ಅಂಕಿಗಳು ಒಂದು ದಿನವೂ ಒಂದಾಗಲಿಲ್ಲ. ಏಕೆ ಒಂದಾಗಲಿಲ್ಲ ಎಂಬುದನ್ನು ಹುಡುಕಿದಾಗ ತಿಳಿದ ಸಂಗತಿಗಳೇ ಈ ಹೋಲಿಕೆಯ ತಿರುಳು.

ನೋಟ, ಬಣ್ಣ, ತೆರೆದುಕೊಳ್ಳುವ ವೇಗ ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ನೇರವಾಗಿ ಲೆಕ್ಕಕ್ಕೆ ಬರುತ್ತೇನೆ.

ಎಕ್ಸ್‌ಚೇಂಜ್ ಆ್ಯಪ್ ತೆರೆದೊಡನೆ ಮೇಲ್ಭಾಗದಲ್ಲಿ ದಪ್ಪಕ್ಷರದ ಒಂದು ರೂಪಾಯಿ ಮೊತ್ತ ಕಾಣುತ್ತದೆ. ಹೆಚ್ಚಿನವರು ನೋಡುವುದು ಅದನ್ನೇ, ಮತ್ತು ನನ್ನ ಅನುಭವದಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವ ಅಂಕಿಯೂ ಅದೇ. ಒಂದು ಶನಿವಾರ ರಾತ್ರಿ ಬಿಟ್‌ಕಾಯಿನ್ ಸಾಲನ್ನು ಒತ್ತಿ ಒಳಗೆ ಹೋದಾಗ ಒಟ್ಟು 0.0125 ಎಂದೂ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಲಭ್ಯವಿರುವುದು 0.0085 ಎಂದೂ ಇತ್ತು. ಉಳಿದ 0.004 ಎಲ್ಲಿಗೆ ಹೋಯಿತೆಂದು ಗಾಬರಿಯಾಗಿ ಆರ್ಡರ್‌ಗಳ ಪುಟ ತೆರೆದರೆ, ಹತ್ತು ದಿನಗಳ ಹಿಂದೆ ಹೆಚ್ಚಿನ ಬೆಲೆಗೆ ಮಾರಲು ಇಟ್ಟು ಮರೆತಿದ್ದ ಲಿಮಿಟ್ ಆರ್ಡರಿನಲ್ಲಿ (ನಾವು ಹೇಳಿದ ಬೆಲೆ ಬಂದಾಗ ಮಾತ್ರ ನಡೆಯುವ ಆದೇಶದಲ್ಲಿ) ಅದು ಸಿಕ್ಕಿಕೊಂಡಿತ್ತು. ಆರ್ಡರ್ ರದ್ದಾಗುವವರೆಗೆ ಆ ನಾಣ್ಯವನ್ನು ಮಾರಲೂ ಆಗದು, ಹೊರಗೆ ಕಳುಹಿಸಲೂ ಆಗದು. ಬಡ್ಡಿಯ ಆಸೆಗೆ ‘ಅರ್ನ್’ ಅಥವಾ ‘ಸ್ಟೇಕಿಂಗ್’ ವಿಭಾಗಕ್ಕೆ ಹಾಕಿದ ನಾಣ್ಯಗಳದ್ದೂ ಇದೇ ಕಥೆ: ಒಟ್ಟು ಮೊತ್ತದಲ್ಲಿ ಸೇರಿರುತ್ತವೆ, ಆದರೆ ಬೇಕೆಂದಾಗ ಕೈಗೆ ಸಿಗುವುದಿಲ್ಲ. ಸಂಘದಲ್ಲಿ ಮುದ್ದತಿ ಠೇವಣಿಯನ್ನು ಉಳಿತಾಯ ಖಾತೆಯ ಶಿಲ್ಕಿನೊಡನೆ ಕೂಡಿ ಬರೆದಿದ್ದರೆ ಲೆಕ್ಕ ಪರಿಶೋಧಕರು ಸುಮ್ಮನೆ ಬಿಡುತ್ತಿರಲಿಲ್ಲ.

ಆದರೂ ಈ ಆ್ಯಪ್‌ಗೆ ಸಲ್ಲಬೇಕಾದ ಶ್ರೇಯಸ್ಸು ಸಲ್ಲಬೇಕು. ರೂಪಾಯಿಯಲ್ಲಿ ಇಂದು ಮಾರಿದರೆ ಎಷ್ಟು ಬರಬಹುದು ಎಂಬುದಕ್ಕೆ ಮೂರರಲ್ಲಿ ಹತ್ತಿರದ ಉತ್ತರ ಕೊಡುವುದು ಇದೇ, ಏಕೆಂದರೆ ಇದು ತನ್ನದೇ ಮಾರುಕಟ್ಟೆಯ ರೂಪಾಯಿ ಬೆಲೆಯನ್ನು ಬಳಸುತ್ತದೆ. ಕಡಿತವಾದ ಟಿಡಿಎಸ್, ಶುಲ್ಕ, ಶುಲ್ಕದ ಮೇಲಿನ ಶೇ 18 ಜಿಎಸ್‌ಟಿ ಎಲ್ಲವೂ ಪ್ರತಿ ವ್ಯವಹಾರದ ವಿವರದಲ್ಲಿ ಸಿಗುತ್ತವೆ, ಮತ್ತು ವರ್ಷದ ವ್ಯವಹಾರಪಟ್ಟಿಯನ್ನು ಇಳಿಸಿಕೊಳ್ಳಬಹುದು. ಒಂದು ಎಚ್ಚರಿಕೆ ಮಾತ್ರ ಇರಲಿ: ಒಂದೇ ಗುಂಡಿ ಒತ್ತಿ ಕೊಳ್ಳುವ ಸರಳ ವಿಭಾಗದಲ್ಲಿ ಕೊಂಡಾಗ, ಕೊಂಡ ಮರುಕ್ಷಣವೇ ನನ್ನ ಖಾತೆ ನಷ್ಟ ತೋರಿಸಿತು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ಆ ಬೆಲೆಯಲ್ಲೇ ಅಡಗಿತ್ತು. ಅದೇ ಆ್ಯಪ್‌ನ ಆರ್ಡರ್ ಬುಕ್ಕಿನಲ್ಲಿ, ಅಂದರೆ ಕೊಳ್ಳುವವರು ಮಾರುವವರು ಹೇಳಿದ ಬೆಲೆಗಳ ಪಟ್ಟಿಯಲ್ಲಿ, ಕೊಂಡಾಗ ಆ ಅಂತರ ತೀರ ಕಡಿಮೆಯಾಯಿತು.

ಲಾಭದ ಅಂಕಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಜನ ಪೆಟ್ಟು ತಿನ್ನುವುದು ಇಲ್ಲಿ. ಆ್ಯಪ್ ಎಲ್ಲ ನಾಣ್ಯಗಳ ಲಾಭ ನಷ್ಟಗಳನ್ನು ಕೂಡಿಸಿ ಕಳೆದು ಒಂದು ನಿವ್ವಳ ಮೊತ್ತ ತೋರಿಸುತ್ತದೆ. ಆದಾಯ ತೆರಿಗೆ ಕಾನೂನು ಹಾಗೆ ಕೂಡಿಸಿ ಕಳೆಯುವುದಿಲ್ಲ. 2022ರ ಏಪ್ರಿಲ್ 1ರಿಂದ ಇಂಥ ಆಸ್ತಿಯ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್ ಇದೆ. ಕೊಂಡ ಬೆಲೆಯನ್ನುಳಿದು ಬೇರೆ ಖರ್ಚು ಕಳೆಯುವಂತಿಲ್ಲ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಒಬ್ಬರು ವರ್ಷದಲ್ಲಿ ಒಂದು ನಾಣ್ಯ ಮಾರಿ 20,000 ರೂಪಾಯಿ ಲಾಭ ಮಾಡಿ, ಇನ್ನೊಂದರಲ್ಲಿ 15,000 ರೂಪಾಯಿ ಕಳೆದುಕೊಂಡರು ಎಂದಿಟ್ಟುಕೊಳ್ಳಿ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ 5,000 ಲಾಭ ಕಾಣುತ್ತದೆ. ತೆರಿಗೆ ಮಾತ್ರ 20,000ದ ಮೇಲೆ ಬೀಳುತ್ತದೆ: 6,000 ರೂಪಾಯಿ ತೆರಿಗೆ, 240 ರೂಪಾಯಿ ಸೆಸ್. ಅಲ್ಲಿಗೆ ಆ ಹಸಿರು 5,000 ವಾಸ್ತವದಲ್ಲಿ 1,240 ರೂಪಾಯಿಯ ನಷ್ಟ. ಒಂದು ನಾಣ್ಯ ಕೊಟ್ಟು ಇನ್ನೊಂದನ್ನು ಪಡೆದರೂ ಅದು ಮಾರಾಟವೆಂದೇ ಲೆಕ್ಕ. 2022ರ ಜುಲೈ 1ರಿಂದ ಕಡಿತವಾಗುತ್ತಿರುವ ಶೇ 1 ಟಿಡಿಎಸ್ ಈ ತೆರಿಗೆಯ ಮುಂಗಡ ಮಾತ್ರ. ಅದು ಕಡಿತವಾಯಿತೆಂದ ಮಾತ್ರಕ್ಕೆ ತೆರಿಗೆ ತೀರಿತೆಂದು ತಿಳಿಯಬಾರದು. ನಾನು ಬಳಸಿದ ಆ್ಯಪ್‌ನ ಮುಖಪುಟದಲ್ಲಿ ಇದರ ಸುಳಿವೂ ಇರಲಿಲ್ಲ.

ಎರಡನೆಯದು ಟ್ರ್ಯಾಕರ್. ಇದರಲ್ಲಿ ಎರಡು ಬಗೆ. ಕಾಯಿನ್‌ಗೆಕೊ, ಕಾಯಿನ್‌ಮಾರ್ಕೆಟ್‌ಕ್ಯಾಪ್‌ಗಳ ಪೋರ್ಟ್‌ಫೋಲಿಯೊ ಪುಟಗಳಲ್ಲಿ ವ್ಯವಹಾರಗಳನ್ನು ನಾವೇ ಬರೆದು ತುಂಬಬಹುದು. ಶ್ರಮ ಹೆಚ್ಚು, ಅಪಾಯ ಕಡಿಮೆ. ಇನ್ನೊಂದು ಬಗೆಯದು ಎಕ್ಸ್‌ಚೇಂಜಿನಿಂದ ಎಪಿಐ ಕೀ (ನಮ್ಮ ಖಾತೆಯನ್ನು ಬೇರೆ ತಂತ್ರಾಂಶಕ್ಕೆ ತೆರೆದುಕೊಡುವ ಗುಪ್ತ ಸಂಕೇತ) ಪಡೆದು ಎಲ್ಲವನ್ನೂ ತಾನೇ ಎಳೆದುಕೊಳ್ಳುತ್ತದೆ. ನಾನು ಹೆಚ್ಚು ಕಾಲ ಬಳಸಿದ್ದು ಈ ಎರಡನೆಯ ಬಗೆಯದನ್ನು. ಕೀ ಸೃಷ್ಟಿಸುವಾಗ ಓದುವುದು, ವ್ಯಾಪಾರ ಮಾಡುವುದು, ಹಿಂಪಡೆಯುವುದು ಎಂಬ ಮೂರು ಅನುಮತಿಗಳ ಮುಂದೆ ಗುರುತಿನ ಚೌಕಗಳಿದ್ದವು. ಲೆಕ್ಕ ನೋಡುವುದಕ್ಕೆ ಮೊದಲನೆಯದೊಂದೇ ಸಾಕು. ಉಳಿದೆರಡನ್ನು ಯಾರು ಕೇಳಿದರೂ ಕೊಡಬಾರದು. 2022ರ ಡಿಸೆಂಬರಿನಲ್ಲಿ ತ್ರೀಕಾಮಾಸ್ ಎಂಬ ಸ್ವಯಂಚಾಲಿತ ವಹಿವಾಟಿನ ಸಂಸ್ಥೆ, ತನ್ನ ಬಳಕೆದಾರರ ಎಪಿಐ ಕೀಗಳು ಸೋರಿಕೆಯಾಗಿರುವುದನ್ನು ಒಪ್ಪಿಕೊಂಡದ್ದು ಈ ಮಾತಿಗೆ ಸಾಕ್ಷಿ.

ಟ್ರ್ಯಾಕರ್ ಮತ್ತು ಎಕ್ಸ್‌ಚೇಂಜ್ ನಡುವಿನ ವ್ಯತ್ಯಾಸ ಯುಎಸ್‌ಡಿಟಿಯ ಸಾಲಿನಲ್ಲಿ ಸ್ಪಷ್ಟವಾಗಿ ಕಂಡಿತು. ನನ್ನ 200 ಯುಎಸ್‌ಡಿಟಿಗೆ ಎಕ್ಸ್‌ಚೇಂಜ್ ಒಂದಕ್ಕೆ 88 ರೂಪಾಯಿಯಂತೆ 17,600 ತೋರಿಸಿದ ದಿನ, ಟ್ರ್ಯಾಕರ್ 85ರಂತೆ 17,000 ತೋರಿಸಿತು. ಎರಡೂ ತಪ್ಪಲ್ಲ. ಟ್ರ್ಯಾಕರ್ ಅಂತರರಾಷ್ಟ್ರೀಯ ಡಾಲರ್ ಬೆಲೆಯನ್ನು ವಿದೇಶಿ ವಿನಿಮಯ ದರದಿಂದ ಗುಣಿಸುತ್ತದೆ. ಭಾರತದ ಎಕ್ಸ್‌ಚೇಂಜುಗಳಲ್ಲಿ ಯುಎಸ್‌ಡಿಟಿ ಸಾಮಾನ್ಯವಾಗಿ ಡಾಲರಿಗಿಂತ ಕೆಲವು ಪ್ರತಿಶತ ಹೆಚ್ಚಿಗೆ ಬಿಕರಿಯಾಗುತ್ತದೆ. ಇದಕ್ಕಿಂತ ಗಂಭೀರವಾದ ದೋಷ ನಂತರ ಕಂಡಿತು. ಬಿಟ್‌ಕಾಯಿನ್ನನ್ನು ಎಕ್ಸ್‌ಚೇಂಜಿನಿಂದ ನನ್ನದೇ ವಾಲೆಟ್ಟಿಗೆ ಸಾಗಿಸಿದ ದಿನ, ಆ ವಾಲೆಟ್ಟನ್ನು ಇನ್ನೂ ಜೋಡಿಸಿರಲಿಲ್ಲವಾದ್ದರಿಂದ ಟ್ರ್ಯಾಕರ್ ಅದನ್ನು ಮಾರಾಟವೆಂದು ದಾಖಲಿಸಿ, ಅದರ ಮೇಲೆ ತೆರಿಗೆ ಲೆಕ್ಕವನ್ನೂ ಹಾಕಿಬಿಟ್ಟಿತು. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದ ಹಣವನ್ನು ಖರ್ಚೆಂದು ಬರೆದಂತಾಯಿತು. ಆ ಸಾಲನ್ನು ಕೈಯಿಂದ ತಿದ್ದಿ ‘ವರ್ಗಾವಣೆ’ ಎಂದು ಮಾಡಿದ ಮೇಲೆ ಲೆಕ್ಕ ಸರಿಹೋಯಿತು. ಮೂರು ನಾಲ್ಕು ಎಕ್ಸ್‌ಚೇಂಜುಗಳಲ್ಲಿ ನೂರಾರು ವ್ಯವಹಾರ ಇರುವವರಿಗೆ ಟ್ರ್ಯಾಕರ್ ಇಲ್ಲದೆ ನಡೆಯದು ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಕೊಟ್ಟ ವರದಿಯನ್ನು ಸಾಲು ಸಾಲಾಗಿ ಓದದೆ ತೆರಿಗೆ ವಿವರಪಟ್ಟಿಗೆ ಏರಿಸಬಾರದು.

ಮೂರನೆಯದು ಸ್ವಂತ ವಾಲೆಟ್. ಇದರ ಮಹತ್ವ ತಿಳಿಯಬೇಕಾದರೆ 2024ರ ಜುಲೈ 18ನ್ನು ನೆನೆಯಬೇಕು. ಅಂದು ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನ ಒಂದು ವಾಲೆಟ್ಟಿನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳುವಾದವು, ಹಿಂಪಡೆಯುವಿಕೆಯನ್ನು ನಿಲ್ಲಿಸಲಾಯಿತು. ಎಕ್ಸ್‌ಚೇಂಜಿನ ಪರದೆಯ ಅಂಕಿ ಅವರ ಖತಾವಣಿಯಲ್ಲಿ ನಮ್ಮ ಹೆಸರಿನ ಮುಂದೆ ಬರೆದ ಜಮಾ. ನಾಣ್ಯಗಳಿರುವುದು ಅವರ ವಾಲೆಟ್ಟಿನಲ್ಲಿ. ಕೆಲವು ಆ್ಯಪ್‌ಗಳಂತೂ ನಾಣ್ಯವನ್ನು ಹೊರಗೆ ಕಳುಹಿಸಲು ಬಹುಕಾಲ ಅವಕಾಶವನ್ನೇ ಕೊಟ್ಟಿರಲಿಲ್ಲ.

ಲಭ್ಯವಿದ್ದ 0.0085 ಬಿಟ್‌ಕಾಯಿನ್ನನ್ನು ಹಾರ್ಡ್‌ವೇರ್ ವಾಲೆಟ್ಟಿಗೆ ಕಳುಹಿಸಿದೆ. ಎಕ್ಸ್‌ಚೇಂಜ್ 0.0002 ಶುಲ್ಕ ಹಿಡಿದುಕೊಂಡು, 0.0083 ಬಂತು. ಕೆಲವು ವಾರಗಳ ನಂತರ ಅದರಿಂದ 0.0023ನ್ನು ಮಾರಲೆಂದು ಎಕ್ಸ್‌ಚೇಂಜಿಗೆ ಹಿಂದಕ್ಕೆ ಕಳುಹಿಸಿ, ಮೊದಲಿನ ವಿಳಾಸವನ್ನೇ ಬ್ಲಾಕ್ ಎಕ್ಸ್‌ಪ್ಲೋರರಿನಲ್ಲಿ (ಯಾವ ವಿಳಾಸದ ಲೆಕ್ಕವನ್ನಾದರೂ ಯಾರಾದರೂ ನೋಡಬಹುದಾದ ಜಾಲತಾಣದಲ್ಲಿ) ಹಾಕಿ ನೋಡಿದಾಗ ಶಿಲ್ಕು ಸೊನ್ನೆ ಎಂದಿತ್ತು. ಅಂಗೈ ಬೆವರಿತು. ಬಿಟ್‌ಕಾಯಿನ್ನಿನ ವ್ಯವಸ್ಥೆಯಲ್ಲಿ ಒಂದು ವಿಳಾಸದಲ್ಲಿರುವ ನಾಣ್ಯವನ್ನು ನೋಟಿನಂತೆ ಇಡಿಯಾಗಿ ಕೊಡಬೇಕು. ಉಳಿದ ಚಿಲ್ಲರೆ ನಮ್ಮದೇ ಆದ ಹೊಸ ವಿಳಾಸಕ್ಕೆ ಮರಳುತ್ತದೆ. ನನ್ನ ಸುಮಾರು 0.006 ಹಾಗೆ ಹೊಸ ವಿಳಾಸಕ್ಕೆ ಹೋಗಿತ್ತು. ಆದ್ದರಿಂದ ಒಂದೊಂದು ವಿಳಾಸವನ್ನು ನೋಡುವುದು ನಿಷ್ಪ್ರಯೋಜಕ. ವಾಲೆಟ್ಟಿನ ಎಲ್ಲ ವಿಳಾಸಗಳನ್ನು ತೋರಿಸಬಲ್ಲ, ಆದರೆ ಖರ್ಚು ಮಾಡಲಾಗದ ವಿಸ್ತೃತ ಸಾರ್ವಜನಿಕ ಕೀಯನ್ನು ಬ್ಲೂವಾಲೆಟ್‌ನಂಥ ಆ್ಯಪ್‌ಗೆ ಕೊಟ್ಟರೆ ಎಲ್ಲ ವಿಳಾಸಗಳ ಮೊತ್ತ ಒಟ್ಟಾಗಿ ಕಾಣುತ್ತದೆ, ಆದರೆ ಫೋನ್ ಕಳೆದುಹೋದರೂ ಅದರಿಂದ ಯಾರೂ ಒಂದು ಪೈಸೆ ಖರ್ಚು ಮಾಡಲಾರರು. ಈಥರ್ ಹಾಗಲ್ಲ, ಅದಕ್ಕೆ ಒಂದೇ ವಿಳಾಸ, ಅದರ ಎಕ್ಸ್‌ಪ್ಲೋರರ್ ಆದ ಈಥರ್‌ಸ್ಕ್ಯಾನ್‌ನಲ್ಲಿ ನೇರವಾಗಿ ನೋಡಬಹುದು.

ಈ ವಾಲೆಟ್ಟಿಗೆ ರೂಪಾಯಿ ಬೆಲೆಯ ಇತಿಹಾಸ ಗೊತ್ತಿಲ್ಲ, ಯಾವಾಗ ಎಷ್ಟಕ್ಕೆ ಕೊಂಡೆ ಎಂಬುದೂ ಗೊತ್ತಿಲ್ಲ. ಸಾಧನ ಕೆಟ್ಟರೆ ವಾಲೆಟ್ಟನ್ನು ಮರಳಿ ಪಡೆಯಲು ಬೇಕಾದ ಚೇತರಿಕೆಯ 24 ಪದಗಳನ್ನು ಕಾಗದದಲ್ಲಿ ಬರೆದು ಕಾಪಾಡುವ ಹೊಣೆ ಪೂರ್ತಿ ನಮ್ಮದು. ಅವು ಕಳೆದು ಸಾಧನವೂ ಕೆಟ್ಟರೆ ದೂರು ಕೊಡಲು ಯಾವ ಕಚೇರಿಯೂ ಇಲ್ಲ. ನನ್ನದು ಬ್ಯಾಂಕ್ ಲಾಕರಿನಲ್ಲಿದೆ, ಎಲ್ಲಿದೆ ಎಂಬುದು ಹೆಂಡತಿಗೆ ತಿಳಿದಿದೆ.

ನನ್ನ ತೀರ್ಮಾನದಲ್ಲಿ, ನಾಣ್ಯ ನಿಜವಾಗಿ ಇದೆಯೇ ಎಂಬ ಪ್ರಶ್ನೆಗೆ ಸ್ವಂತ ವಾಲೆಟ್ ಒಂದೇ ನಂಬಲರ್ಹ. ಇಂದು ಮಾರಿದರೆ ಎಷ್ಟು ಎಂಬುದಕ್ಕೆ ಎಕ್ಸ್‌ಚೇಂಜ್ ಆ್ಯಪ್ ಸಾಕು, ಅದೂ ಒಟ್ಟು ಮೊತ್ತ ಬಿಟ್ಟು ಲಭ್ಯ ಮೊತ್ತವನ್ನು ನೋಡಿದರೆ. ನನ್ನಷ್ಟು ಕಡಿಮೆ ವ್ಯವಹಾರ ಇರುವವರಿಗೆ ಟ್ರ್ಯಾಕರ್ ಬೇಕಿಲ್ಲ. ಅದಕ್ಕೆ ಕೊಟ್ಟಿದ್ದ ಎಪಿಐ ಕೀಯನ್ನು ಆರನೇ ತಿಂಗಳ ಕೊನೆಗೆ ಅಳಿಸಿಹಾಕಿದೆ. ಅದರ ಸ್ಥಾನದಲ್ಲಿ ಈಗ ಒಂದು ಎಕ್ಸೆಲ್ ಹಾಳೆ ಇದೆ: ದಿನಾಂಕ, ನಾಣ್ಯ, ಪ್ರಮಾಣ, ರೂಪಾಯಿ, ಶುಲ್ಕ, ಟಿಡಿಎಸ್, ಮತ್ತು ಲಾಭ ಬಂದ ಪ್ರತಿ ಮಾರಾಟಕ್ಕೆ ಎತ್ತಿಡಬೇಕಾದ ತೆರಿಗೆ. ತಿಂಗಳ ಕೊನೆಯ ಭಾನುವಾರ ವಾಲೆಟ್ಟಿನ ಪ್ರಮಾಣ, ಎಕ್ಸ್‌ಚೇಂಜಿನ ಪ್ರಮಾಣ, ಹಾಳೆಯ ಪ್ರಮಾಣ ಈ ಮೂರನ್ನೂ ಎಂಟನೇ ದಶಮಾಂಶದವರೆಗೆ ತಾಳೆ ನೋಡುತ್ತೇನೆ. ರೂಪಾಯಿ ಬೆಲೆಯ ಅಂಕಣವನ್ನು ತುಂಬುವುದು ಅದಾದ ಮೇಲೆಯೇ.